ಸಾಲು ಕಾಯುವ ಅಕ್ಕ, ಸಾಲಿಗೆ ಹೆದರುವ ಭಾವ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಥೀಮ್ ಪಾರ್ಕಿನ ದೊಡ್ಡ ರೋಲರ್ ಕೋಸ್ಟರ್ ಸದ್ದಿಲ್ಲದೆ ನಿಂತಿದೆ. ಅದರ ಬುಡದಲ್ಲಿ, ಜನ ಸಾಲಾಗಿ ನಿಲ್ಲಲೆಂದು ಅಂಕುಡೊಂಕಾಗಿ ಹಾಕಿದ ಕಬ್ಬಿಣದ ಕಂಬಿಗಳ ನಡುವೆ ಇಬ್ಬರು ನಡೆಯುತ್ತಿದ್ದಾರೆ. ಮುಂದೆ ಐವತ್ತು ದಾಟಿದ ಒಬ್ಬ ಗಂಡಸು, ಹಿಂದೆ ಪಾರ್ಕಿನ ನೀಲಿ ಸಮವಸ್ತ್ರ ತೊಟ್ಟ ಹೆಂಗಸು. ಇಡೀ ಸಾಲು ಖಾಲಿ. ಆದರೂ ಆ ಗಂಡಸು ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾರೆ, ಮುಂದೆ ಯಾರೋ ಇದ್ದಾರೆ, ಅವರು ಸರಿಯಬೇಕು ಎನ್ನುವ ಹಾಗೆ.

"ರೀ, ನಾನು ಹತ್ರ ಬರ್ತಿದೀನಿ."

"ಹೂಂ."

"ಇನ್ನೂ ಹತ್ರ ಬರ್ತೀನಿ."

"ಹೇಳ್ಬೇಡ ಕಣೇ. ಅಲ್ಲಿ ಯಾರೂ ಹೇಳಿ ಬರಲ್ಲ."

ಆಕೆ ಮಾತು ನಿಲ್ಲಿಸಿ, ಹಿಂದಿನಿಂದ ಅವರ ಹೆಗಲ ಮೇಲೆ ಕೈ ಇಡುತ್ತಾರೆ. ಗಂಡನ ಎರಡೂ ಕೈ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತವೆ, ಹೆಗಲು ಕಿವಿಯವರೆಗೆ ಏರುತ್ತದೆ. "ಉಸಿರು ಬಿಡ್ರಿ," ಎನ್ನುತ್ತಾರೆ ಹೆಂಡತಿ. ಉಸಿರು ಹೊರಬರಲು ಬಹಳ ಹೊತ್ತು ಹಿಡಿಯುತ್ತದೆ.

ಪಾರ್ಕಿನಲ್ಲಿ ಈಕೆಯನ್ನು ಎಲ್ಲರೂ 'ಕ್ಯೂ ಅಕ್ಕ' ಎಂದೇ ಕರೆಯುತ್ತಾರೆ. ಅಕ್ಕನ ಗಂಡ ಆದ್ದರಿಂದ ಇವರು ಎಲ್ಲರಿಗೂ ಭಾವ. ನಾನು ಇಲ್ಲಿಗೆ ಬಂದದ್ದು ಅಕ್ಕನ ಬಗ್ಗೆ ಬರೆಯಲು. ಸಾವಿರಾರು ಜನರನ್ನು ಬಿಸಿಲಲ್ಲಿ ಜಗಳವಿಲ್ಲದೆ ನಿಲ್ಲಿಸುವ ಹೆಂಗಸೊಬ್ಬರಿದ್ದಾರೆ ಎಂದು ಕೇಳಿದ್ದೆ. ಆಕೆಯ ದಿನ ಈ ಖಾಲಿ ಸಾಲಿನಿಂದ ಶುರುವಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಬನ್ರೋ, ಬನ್ರಮ್ಮಾ, ನಿಂತ್ಕೊಳ್ಳಿ," ಎಂದು ಅಕ್ಕ ಕೂಗುತ್ತಾರೆ. ಕಸ ಗುಡಿಸುವ ಮೂವರು ಪೊರಕೆ ಒರಗಿಸಿ ಬರುತ್ತಾರೆ. ಹಳಿಯ ನಟ್ಟು ಬೋಲ್ಟು ನೋಡುವ ಮೆಕ್ಯಾನಿಕ್ ಬರುತ್ತಾನೆ. ಟಿಕೆಟ್ ಕೌಂಟರಿನ ಇಬ್ಬರು ಹುಡುಗಿಯರು ಚಹಾದ ಲೋಟ ಹಿಡಿದೇ ಬರುತ್ತಾರೆ. ಅಕ್ಕ ನನ್ನತ್ತ ತಿರುಗುತ್ತಾರೆ. "ನೀವೇನ್ ನೋಡ್ತಾ ನಿಂತಿದೀರಿ? ಅವರ ಹಿಂದೆ ನಿಂತ್ಕೊಳ್ಳಿ. ಸ್ವಲ್ಪ ಮೈ ತಾಗ್ಸಿ."

ಬರೆಯಲು ಬಂದವನು ತಳ್ಳಲು ನಿಂತೆ. ಭಾವನ ಅಂಗಿಯ ಬೆನ್ನು ಆಗಲೇ ಒದ್ದೆಯಾಗಿತ್ತು. ನಾವು ಎಂಟು ಜನ ಇಷ್ಟಿಷ್ಟೇ ಸರಿಯುತ್ತ ಮೊದಲ ತಿರುವು ದಾಟಿದೆವು, ಎರಡನೆಯದನ್ನೂ ದಾಟಿದೆವು. ಅಷ್ಟರಲ್ಲಿ ಮೆಕ್ಯಾನಿಕ್ ಒಂದು ಸೀನು ಸೀನಿದ. ನೋಡುವಷ್ಟರಲ್ಲಿ ಭಾವ ಕಂಬಿಯ ಕೆಳಗೆ ನುಸುಳಿ ಆಚೆ ಹೋಗಿ ನಿಂತಿದ್ದರು. ಯಾರೂ ನಗಲಿಲ್ಲ. ಮೆಕ್ಯಾನಿಕ್ ತಲೆ ತಗ್ಗಿಸಿ, "ಬೇಕಂತ ಮಾಡಿದ್ದಲ್ಲ ಭಾವ," ಎಂದ. ಭಾವ ಮುಖ ಒರೆಸಿಕೊಂಡು ಸುತ್ತು ಬಳಸಿ ಬಂದು ಸಾಲಿನ ಕೊನೆಯಲ್ಲಿ ನಿಂತರು. ಕೊನೆಯಲ್ಲಾದರೆ ಅವರ ಹಿಂದೆ ಯಾರೂ ಇರುವುದಿಲ್ಲ.

ಅಕ್ಕ ಗಡಿಯಾರ ನೋಡಿಕೊಂಡು, "ಸಾಕು ಇವತ್ತಿಗೆ. ಸೋಮವಾರ ಆಸ್ಪತ್ರೆ," ಎಂದರು. ಯಾರಿಗೆ ಹೇಳಿದರೋ, ತಮಗೇ ಹೇಳಿಕೊಂಡರೋ.

ಪಾರ್ಕಿನ ಬಾಗಿಲು ತೆರೆದರೆ ಸಾಕು, ಕಟ್ಟೆ ಒಡೆದ ನೀರಿನ ಹಾಗೆ ಜನ. ರಜಾ ದಿನಗಳಲ್ಲಿ ಹತ್ತು ಸಾವಿರದವರೆಗೂ ಬರುತ್ತಾರೆ, ಅವರಲ್ಲಿ ಅರ್ಧ ಮಂದಿಗೆ ಮೊದಲು ಈ ರೋಲರ್ ಕೋಸ್ಟರೇ ಬೇಕು. ಮೂರು ನಿಮಿಷದ ಆಟಕ್ಕೆ ಎರಡು ಗಂಟೆ ಕಾಯಬೇಕು. ಅಪ್ಪನ ಕೈಯಲ್ಲಿ ನೀರಿನ ಬಾಟಲಿ, ಅಮ್ಮನ ಹೆಗಲಲ್ಲಿ ಬ್ಯಾಗು, ಒಂದು ಮಗು ಕಂಕುಳಲ್ಲಿ, ಇನ್ನೊಂದು ಕಂಬಿಗೆ ಜೋತುಬಿದ್ದು, ಹಿಂದೆ ಪಾದ ಊದಿಸಿಕೊಂಡ ಅಜ್ಜಿ. ಸಂತೋಷ ಪಡಲೆಂದು ಬಂದವರ ಮುಖದಲ್ಲಿ ಸಂತೋಷವೊಂದು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ನಾನೂ ಹೀಗೆಯೇ ಹೆಂಡತಿ ಮಕ್ಕಳ ಜೊತೆ ನಿಂತು ಸಿಡಿಮಿಡಿಗೊಂಡವನೇ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅಕ್ಕನ ಬಳಿ ಒಂದು ಸೀಟಿ ಇದೆ, ಊದುವುದಿಲ್ಲ. ಮೈಕ್ ಇದೆ, ಹೆಚ್ಚಾಗಿ ಕಂಕುಳಲ್ಲೇ ಇರುತ್ತದೆ. ಸಾಲಿನ ಉದ್ದಕ್ಕೂ ನಡೆಯುತ್ತ ಆಕೆ ಮಾಡುವ ಕೆಲಸ ಬೇರೆ.

"ಪುಟ್ಟಾ, ನಿನ್ನ ಹಿಂದೆ ಯಾರಿದಾರೆ ನೋಡು. ಅಜ್ಜಿ. ಅಜ್ಜಿಗೆ ಹೆಸರು ಹೇಳು." ಪುಟ್ಟ ನಾಚಿಕೊಂಡು ಹೇಳುತ್ತಾನೆ. "ಅಜ್ಜಿ, ನಿಮ್ಮ ಹಿಂದೆ ಇರೋ ಈ ಅಣ್ಣ ಯಾರು ಕೇಳಿದ್ರಾ? ಅಣ್ಣಾ, ಅಜ್ಜಿಗೆ ಕಾಲು ನೋವು, ಸ್ವಲ್ಪ ನೋಡ್ಕೊಳ್ಳಿ." ಒಬ್ಬರಿಗೊಬ್ಬರು ಏನೂ ಆಗದವರನ್ನು ಅಜ್ಜಿ, ಅಣ್ಣ, ಚಿಕ್ಕಮ್ಮ ಮಾಡುತ್ತ ಆಕೆ ಮುಂದೆ ಹೋಗುತ್ತಾರೆ. ಮಗುವಿಗೆ ಒಂದಕ್ಕೆ ಅವಸರವಾದರೆ ಹಿಂದಿನವರಿಗೆ "ಮಾಮ, ಬರ್ತೀನಿ" ಎಂದು ಹೇಳಿಸಿಯೇ ಕಳಿಸುತ್ತಾರೆ. ಮಗು ವಾಪಸು ಬಂದಾಗ ಆ ಮಾಮನೇ ಜಾಗ ಬಿಡುತ್ತಾನೆ.

"ಕಾಯೋದು ಅಷ್ಟು ಕಷ್ಟ ಅಲ್ಲ ಸ್ವಾಮಿ. ಹಿಂದೆ ಇರೋನು ಯಾರು ಅಂತ ಗೊತ್ತಿಲ್ದೇ ಇರೋದು ಕಷ್ಟ. ಹೆಸರು ಗೊತ್ತಾದವರನ್ನ ಯಾರೂ ತಳ್ಳಲ್ಲ," ಎನ್ನುತ್ತಾರೆ.

ಎಲ್ಲರೂ ಬಗ್ಗುವವರಲ್ಲ. ನಾನಿದ್ದ ದಿನ ತಂಪು ಕನ್ನಡಕದ ಒಬ್ಬರು ಸಂಸಾರ ಸಮೇತ ನುಗ್ಗಿದರು. "ನಮ್ಮೋರು ಮುಂದೆ ಇದಾರೆ."

"ಯಾರು? ಕೈ ಎತ್ಲಿ."

ಯಾರೂ ಎತ್ತಲಿಲ್ಲ.

"ನಿಮ್ಮೋರಿಗೆ ನಿಮ್ಮ ನೆನಪಿಲ್ಲ ಅಂತ ಕಾಣುತ್ತೆ," ಎಂದರು ಅಕ್ಕ. ಸಾಲೆಲ್ಲ ಗೊಳ್ಳೆಂದಿತು. ಕನ್ನಡಕದವರು ಗೊಣಗುತ್ತ ಹಿಂದೆ ಹೋದರು. ಗೊಣಗಿದ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಅಕ್ಕನಿಗೆ ದಿನವೂ ಬೀಳುವ ಬೈಗುಳದಲ್ಲಿ ಅದು ಚಿಕ್ಕದು.

ಮನೆಮಂದಿ ಜೊತೆ ಬರುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. "ಒಳಗೆ ಬಂದ ತಕ್ಷಣ ಎಲ್ಲರೂ ಬಲಕ್ಕೆ ತಿರುಗ್ತಾರೆ, ನೀವು ಎಡಕ್ಕೆ ಹೋಗಿ. ಹಸಿದ ಹೊಟ್ಟೇಲಿ ಸಾಲಿಗೆ ನಿಲ್ಬೇಡಿ, ಅರ್ಧ ಜಗಳ ಹೊಟ್ಟೇದು. ಎಲ್ಲಾ ಆಟ ಆಡ್ಲೇಬೇಕು ಅಂತ ಹಟ ಬೇಡ. ಆಮೇಲೆ ಮಕ್ಕಳಿಗೆ ಬೈಬೇಡಿ. ಸಾಲು ಮಾಡಿದ್ದು ಮಕ್ಕಳಲ್ಲ." ತಾಳಿದವನು ಬಾಳಿಯಾನು ಎಂದು ನಾವು ಹೇಳುತ್ತೇವೆ. ತಾಳುವುದನ್ನು ಕಲಿಸಲು ಪಾರ್ಕು ಸಂಬಳ ಕೊಟ್ಟು ಇಟ್ಟುಕೊಂಡಿರುವುದು ಈಕೆಯೊಬ್ಬರನ್ನೇ.

ಈ ಕೆಲಸ ಮೊದಲು ಭಾವನದು. ಇದೇ ಸಾಲಿನ ಬಾಗಿಲಲ್ಲಿ ಅವರು ಸರಪಳಿ ಹಿಡಿದು ನಿಲ್ಲುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ರಜಾ ದಿನ, ಆಟ ಬೇಗ ನಿಲ್ಲಿಸುತ್ತಾರಂತೆ ಎಂದು ಯಾರೋ ಸುಳ್ಳು ಸುದ್ದಿ ಎಬ್ಬಿಸಿದರು. ಎಳ್ಳು ಹಾಕಲೂ ಜಾಗವಿಲ್ಲದ ಕಡೆ ಜನ ಒಮ್ಮೆಲೇ ಮುಂದೆ ನುಗ್ಗಿದರು. ಭಾವ ಕಂಬಿಗೆ ಒತ್ತಿಕೊಂಡು ಕೆಳಗೆ ಬಿದ್ದರು, ಅವರ ಮೇಲೆ ಹಾದು ಹೋದವರು ಎಷ್ಟು ಮಂದಿಯೋ. ಅವರಲ್ಲೊಬ್ಬ ಆಮೇಲೆ ನೋಡಲು ಬಂದು ಕಣ್ಣೀರು ಹಾಕುತ್ತ, "ಕಾಲ ಕೆಳಗೆ ಮನುಷ್ಯ ಇದಾನೆ ಅಂತ ಗೊತ್ತಾಗ್ಲಿಲ್ಲ," ಎಂದನಂತೆ. ಆ ಮಾತು ಅಕ್ಕನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

"ಪಕ್ಕೆಲುಬು ಕೂಡ್ಕೊಂತು. ಧೈರ್ಯ ಕೂಡ್ಕೊಳ್ಳಲಿಲ್ಲ," ಎನ್ನುತ್ತಾರೆ ಆಕೆ. ಭಾವ ಬಸ್ಸು ಹತ್ತುವುದು ಬಿಟ್ಟರು, ಅಂಗಡಿಗೆ ಹೋಗುವುದು ಬಿಟ್ಟರು, ನೆಂಟರ ಮನೆಯ ಸಮಾರಂಭ ಬಿಟ್ಟರು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಗಂಡನ ಕೆಲಸ ಹೆಂಡತಿಗೆ ಬಂತು. ಹಗಲೆಲ್ಲ ಜನಸಾಗರ, ಸಂಜೆ ಎರಡು ಕೋಣೆಯ ಮನೆಯಲ್ಲಿ ಕಿಟಕಿ ಹಾಕಿಕೊಂಡು ಕೂತ ಗಂಡ.

ಇಷ್ಟೇ ಆಗಿದ್ದರೆ ಹೇಗೋ ಬದುಕಿಬಿಡುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಭಾವ ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿಸಿಕೊಳ್ಳಲು ಶುರು ಮಾಡಿದರು. ನೀರು ಬಗ್ಗಿಸಿದರೆ ಲೋಟದ ಪಕ್ಕದಲ್ಲಿ ಬೀಳುತ್ತಿತ್ತು. ಬೀದಿಯ ಕೊನೆಯ ಕನ್ನಡಕದಂಗಡಿಯವನು ನೋಡಿ, ಕಣ್ಣಿನೊಳಗೆ ಒತ್ತಡ ಏರಿದೆ, ತಡ ಮಾಡಿದರೆ ದೃಷ್ಟಿ ಪೂರ್ತಿ ಹೋಗುತ್ತದೆ, ದೊಡ್ಡಾಸ್ಪತ್ರೆಗೆ ಓಡಿ ಎಂದ. ಖಾಸಗಿ ಆಸ್ಪತ್ರೆ ಇವರ ಕೈಗೆಟಕುವುದಲ್ಲ. ದೊಡ್ಡಾಸ್ಪತ್ರೆ ಎಂದರೆ ದೊಡ್ಡ ಸಾಲು.

ಮೂರು ಸಲ ಹೋಗಿದ್ದಾರೆ. ಮೊದಲ ಸಲ ಮೆಟ್ಟಿಲಿನಿಂದಲೇ ವಾಪಸು. ಎರಡನೆಯ ಸಲ ಚೀಟಿಯ ಕಿಟಕಿಯವರೆಗೆ ಹೋದಾಗ ಹಿಂದಿನವನು ಹೆಗಲ ಮೇಲೆ ಕೈ ಇಟ್ಟ, ಭಾವ ಓಡಿಬಿಟ್ಟರು. ಮೂರನೆಯ ಸಲ ನಸುಕಿನಲ್ಲೇ ಹೋಗಿ ಎಲ್ಲರಿಗಿಂತ ಮುಂದೆ ನಿಂತರು, ಬಾಗಿಲು ತೆರೆದಾಗ ಜನ ಹಿಂದಿನಿಂದ ನುಗ್ಗಿದರು, ಭಾವ ಆ ಸಲವೂ ಹೊರಗೆ ಓಡಿದರು. ಬೇರೆ ಹೊತ್ತಲ್ಲಿ ಕರೀತೀರಾ ಎಂದು ಅಕ್ಕ ಬಾಗಿಲಲ್ಲಿದ್ದವನನ್ನು ಬೇಡಿಕೊಂಡರು, ಕಾಲು ಹಿಡಿಯುವುದೊಂದು ಬಾಕಿ. "ಎಲ್ಲರಿಗೂ ಒಂದೇ ರೂಲ್ಸ್ ಕಣಮ್ಮ" ಎಂದು ಅವನು ಹೇಳಿದ. ಅಕ್ಕ ತಾವೂ ದಿನಕ್ಕೆ ನೂರು ಸಲ ಹೇಳುವ ಮಾತದು.

ಮನೆಯಲ್ಲಿ ಆಕೆ ಬೈದಿದ್ದಾರೆ, ಅತ್ತಿದ್ದಾರೆ, ಎರಡು ದಿನ ಮಾತು ಬಿಟ್ಟಿದ್ದಾರೆ. ನಾದಿನಿ ಬಂದು "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಚುಚ್ಚಿಯೂ ಹೋಗಿದ್ದಾರೆ. ಆಮೇಲೆ ಶುರುವಾದದ್ದು ಈ ಬೆಳಗಿನ ಅಭ್ಯಾಸ. ಮೊದಲು ಇಬ್ಬರೇ, ಆಮೇಲೆ ಒಬ್ಬೊಬ್ಬರೇ ಸೇರುತ್ತ ಎಂಟು.

ಸೋಮವಾರ ನಾನೂ ಹೋಗುತ್ತೇನೆ. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕಂಬಿಗಳಿಲ್ಲ, ಸಾಲು ಎನ್ನುವುದು ಬರೀ ಮಾತಿಗೆ. ಗೋಡೆಯಿಂದ ಗೋಡೆಗೆ ಜನ. ಅಕ್ಕ ಸಮವಸ್ತ್ರ ತೊಟ್ಟಿಲ್ಲ. ಹಿಂದಿದ್ದವನಿಗೆ ಎಂದಿನ ದನಿಯಲ್ಲೇ, "ಅಣ್ಣಾ, ಇವರು ನಮ್ಮನೆಯವರು, ಒಂದು ಹೆಜ್ಜೆ ಹಿಂದೆ..." ಎಂದು ಶುರು ಮಾಡುತ್ತಾರೆ.

"ಹೇಳೋಕೆ ನೀನ್ಯಾರಮ್ಮ?" ಎನ್ನುತ್ತಾನೆ ಅವನು.

ಅಕ್ಕನ ಬಾಯಿ ಕಟ್ಟಿಹೋದದ್ದನ್ನು ನಾನು ಅಂದೇ ಕಂಡದ್ದು. ಸ್ವಲ್ಪ ಹೊತ್ತಿಗೆ ಭಾವನ ತುಟಿ ಬಿಳಿಚಿಕೊಳ್ಳುತ್ತದೆ. "ಆಗಲ್ಲ ಕಣೇ," ಎಂದವರೇ ಗೋಡೆ ಸವರಿಕೊಂಡು ಹೊರಗೆ ನಡೆಯುತ್ತಾರೆ. ಅಕ್ಕ ಜಾಗ ಬಿಟ್ಟು ಕದಲುವುದಿಲ್ಲ. "ನೀವು ಅವರ ಜೊತೆ ಇರಿ. ಮನೆಗೆ ಹೋಗದ ಹಾಗೆ ನೋಡ್ಕೊಳ್ಳಿ," ಎಂದು ನನ್ನನ್ನು ಕಳಿಸುತ್ತಾರೆ.

ಮೆಟ್ಟಿಲ ಮೇಲೆ ನಾವಿಬ್ಬರೂ ಕೂರುತ್ತೇವೆ. ಬಿಸಿಲು ಏರುತ್ತದೆ. ಭಾವ ತಾವಾಗಿಯೇ ಮಾತಾಡುತ್ತಾರೆ. "ಬಲಗಡೆ ಕತ್ತಲೆ ಅಂತ ಎಲ್ರೂ ತಿಳ್ಕೊಂಡಿದಾರೆ. ಕತ್ತಲೆ ಅಲ್ಲ. ಏನೂ ಇಲ್ಲ ಅಷ್ಟೇ. ಅವಳು ಬಲಗಡೆ ಬಂದು ನಿಂತ್ರೆ, ಅವಳೂ ಇಲ್ಲ." ನಾನು ನೀರಿನ ಬಾಟಲಿ ಅವರ ಎಡಗೈಗೆ ಕೊಡುತ್ತೇನೆ. "ಎಡಗಡೇನೂ ಹಾಗಾದ್ರೆ..." ಎಂದು ಅಂಗೈಯಿಂದ ಎಡಗಣ್ಣು ಮುಚ್ಚಿ ತೆಗೆಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಯಾರೋ ಬಂದು, ನಿಮ್ಮ ಮನೆಯವರ ಪಾಳಿ ಹತ್ತಿರ ಬಂತು ಎನ್ನುತ್ತಾರೆ. ಭಾವ ಏಳುತ್ತಾರೆ, ಕೂರುತ್ತಾರೆ, ಮತ್ತೆ ಏಳುತ್ತಾರೆ. ಬಾಗಿಲಲ್ಲಿ ನನ್ನ ಕೈ ಬಿಡಿಸಿಕೊಂಡು, "ದಾರಿ ಬಿಡಿ, ನಮ್ಮೋಳು ಮುಂದೆ ಇದಾಳೆ," ಎಂದು ಕೂಗುತ್ತಾರೆ. ದನಿ ಒಡೆದಿದೆ.

"ಎಲ್ಲಾ ಹಾಗೇ ಹೇಳ್ತಾರೆ," ಎನ್ನುತ್ತದೆ ಗುಂಪು.

ದೂರದಲ್ಲಿ ಒಂದು ಕೈ ಮೇಲೇಳುತ್ತದೆ. "ಇಲ್ಲಿದೀನಿ ರೀ!"

ಭಾವ ನುಗ್ಗುತ್ತಾರೆ. ಅರ್ಧ ದಾರಿಯಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಗಲುತ್ತದೆ, ಅವರು ನಿಂತುಬಿಡುತ್ತಾರೆ. ನಾಲ್ಕೂ ಕಡೆ ಜನ. ಮುಗಿಯಿತು ಎಂದುಕೊಂಡೆ. ಅವರು ಹಿಂದಿರುಗಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದೇ ಹೆಜ್ಜೆ ಇಟ್ಟು ಹೆಂಡತಿಯ ಪಕ್ಕ ಸೇರಿದರು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ಬೆಳಗಿನಿಂದ ತಿಂಡಿ ತಿಂದಂತಿಲ್ಲ. ಸಮಾಧಾನದಿಂದಲೇ ಹೇಳುತ್ತಾರೆ. "ಬಲಗಣ್ಣಲ್ಲಿ ಹೋಗಿದ್ದು ವಾಪಸ್ ಬರಲ್ಲ. ಎಡಗಣ್ಣಲ್ಲಿ ಇರೋದನ್ನ ಉಳಿಸ್ಕೊಬಹುದು. ದಿನಾ ಹನಿ ಹಾಕ್ಬೇಕು. ಎರಡು ತಿಂಗಳಿಗೊಂದ್ಸಲ ಬಂದು ತೋರಿಸ್ಲೇಬೇಕು. ಹೋದ ವರ್ಷವೇ ಬಂದಿದ್ರೆ..." ಅವರು ಔಷಧಿಯ ಚೀಟಿ ಬರೆಯುತ್ತಾರೆ.

ಹೊರಗೆ ಬಂದ ಮೇಲೆ ಭಾವ, "ಕಣ್ಣು ಕೆಟ್ಟ ಮೇಲೆ ಸೂರ್ಯ ನಮಸ್ಕಾರ," ಎಂದು ನಗಲು ನೋಡುತ್ತಾರೆ. ಜೊತೆಗೆ ನಗುವವರಿಲ್ಲ. ಔಷಧಿ ತರುತ್ತೇನೆಂದು ಅವರು ಆಚೆ ಹೋದಾಗ ಅಕ್ಕ ಬೆಂಚಿನ ಮೇಲೆ ಕುಸಿಯುತ್ತಾರೆ. "ಹೋದ ವರ್ಷ ಬೈಯೋದು ಬಿಟ್ಟು ಅಭ್ಯಾಸ ಮಾಡ್ಸಿದ್ರೆ ಆಗ್ತಿತ್ತು. ಅಷ್ಟು ಜನಾನ ನಿಲ್ಲಿಸ್ತೀನಿ. ಇವರೊಬ್ಬರಿಗೆ ಏನು ಬೇಕು ಅಂತ ತಿಳಿಯೋಕೆ ಒಂದು ಕಣ್ಣು ಹೋಗ್ಬೇಕಾಯ್ತು." ಆಕೆ ಅಳುವುದಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಔಷಧಿ ಕಿಟಕಿಯ ಮುಂದೆ ಮೂರೇ ಜನ. ಭಾವ ದೂರದಲ್ಲಿ ಗೋಡೆಗೆ ಒರಗಿ, ಆ ಮೂವರೂ ಹೋಗಲಿ ಎಂದು ಕಾಯುತ್ತಿದ್ದಾರೆ. ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ.

ನಿಮಗೇನು ಆಸೆ ಇದೆ ಎಂದು ಅಕ್ಕನನ್ನು ಕೇಳುತ್ತೇನೆ. ಪತ್ರಿಕೆಯವರು ಕೊನೆಗೆ ಕೇಳುವ ಪ್ರಶ್ನೆ, ಕೇಳಿದ ಮೇಲೆ ನಾಚಿಕೆಯೂ ಆಗುತ್ತದೆ. ಆಕೆ ಎರಡೂ ಮಂಡಿ ಒತ್ತಿಕೊಳ್ಳುತ್ತಾರೆ. ಬಟ್ಟೆಯ ಮೇಲಿನಿಂದಲೇ ಊತ ಕಾಣುತ್ತದೆ.

"ಇದನ್ನೂ ತೋರಿಸ್ಬೇಕು. ಮೂಳೆ ಡಾಕ್ಟ್ರ ಹತ್ರ ಇದಕ್ಕಿಂತ ದೊಡ್ಡ ಸಾಲಂತೆ," ಎನ್ನುತ್ತಾರೆ, ಗಂಡನ ಕಡೆಯಿಂದ ಕಣ್ಣು ತೆಗೆಯದೆ. "ಒಂದಿನ ನಾನು ಹೀಗೇ ಬೆಂಚಲ್ಲಿ ಕೂತಿರ್ಬೇಕು. ಅವರು ನನಗೋಸ್ಕರ ಸಾಲಲ್ಲಿ ನಿಂತಿರ್ಬೇಕು. ಅಷ್ಟಾದ್ರೆ ಸಾಕು ನನಗೆ."