ಅತ್ತೆಯ ಸುಟ್ಟ ಅಂಗೈ

ಅತ್ತೆಯ ಬಲ ಅಂಗೈಯಲ್ಲಿ ರೇಖೆಗಳೇ ಇರಲಿಲ್ಲ. ಸುಟ್ಟು ಮಾಗಿದ ಚರ್ಮ ನುಣ್ಣಗಾಗಿ, ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಿತ್ತು. ಆ ಕೈ ನನ್ನ ಮಣಿಕಟ್ಟನ್ನು ಹಿಡಿದರೆ ಬಿಡಿಸಿಕೊಳ್ಳುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಸಾಂತಾಕ್ರೂಜ್ ಸ್ಟೇಷನ್ನಿನ ಸೇತುವೆಯ ಮೇಲೆ, ನಲ್ಲಿಯ ಮುಂದಿನ ಸಾಲಿನಲ್ಲಿ, ಎಲ್ಲೆಲ್ಲೂ ಹಾಗೇ ಹಿಡಿದಿರುತ್ತಿದ್ದರು. ಆ ಕೈ ಸುಟ್ಟದ್ದು ನನ್ನನ್ನು ಉಳಿಸಲು ಹೋಗಿ.

ಅವರು ಅಪ್ಪನ ಅಕ್ಕ. ಅಪ್ಪ ಹೋಟೆಲಿನಲ್ಲಿ ಅಡುಗೆಯವರು. ಅಮ್ಮ ತೀರಿಕೊಂಡ ಮೇಲೆ ಉಡುಪಿಯ ಕಡೆಯಿಂದ ಬಂದ ಅತ್ತೆ, ಚಾಳಿನ ನಮ್ಮ ಒಂದು ಕೋಣೆಯ ರಾಜ್ಯವನ್ನು ಕೈಗೆ ತೆಗೆದುಕೊಂಡರು. ಅವರ ಬಾಯಿಂದ ಮೊದಲು ಹೊರಡುವ ಮಾತು ‘ಬೇಡ’. ಗ್ಯಾಲರಿಯಿಂದ ಬಗ್ಗಬೇಡ, ಲೋಕಲ್ಲಿನ ಬಾಗಿಲಲ್ಲಿ ನಿಲ್ಲಬೇಡ, ಬರ್ಫದ ಗೋಲಾ ಬೇಡವೇ ಬೇಡ. ನನಗೆ ಅವರನ್ನು ಕಂಡರೆ ಮೈ ಉರಿಯುತ್ತಿತ್ತು.

ನನಗೆ ಎಂಟು ತುಂಬುವ ಹೊತ್ತಿಗೆ ಅದು ಶುರುವಾಯಿತು. ಶುರುವಾದದ್ದು ನನಗೇ ತಿಳಿಯಲಿಲ್ಲ. ಟೀಚರ್ ಒಂದು ಮಾತು ಹೇಳುತ್ತಿರುತ್ತಿದ್ದರು. ಮರುಕ್ಷಣ ಬೇರೆಯೇ ಮಾತಿನ ನಡುವೆ ಇರುತ್ತಿದ್ದರು, ಮಕ್ಕಳೆಲ್ಲ ನನ್ನತ್ತ ತಿರುಗಿ ನಗುತ್ತಿದ್ದರು. ನಡುವಿನದು ಎಲ್ಲಿ ಹೋಯಿತು? ಕೇಳಲು ಹೆದರಿಕೆ. ಯಾರೋ ನನ್ನೊಳಗಿನಿಂದ ಚೂರು ಚೂರು ಕದಿಯುತ್ತಿದ್ದಾರೆ ಅನ್ನಿಸುತ್ತಿತ್ತು.

ಹುಡುಗಿ ಕೂತಲ್ಲೇ ತೂಕಡಿಸುತ್ತಾಳೆ ಎಂದು ಟೀಚರ್ ಹೇಳಿ ಕಳಿಸಿದರು. ಅತ್ತೆಯ ಹತ್ತಿರ ಮದ್ದು ಸಿದ್ಧವಿತ್ತು. “ಇವಳ ತಲೆಗೆ ಗಾಳಿ ಸಾಲುದಿಲ್ಲ. ದಿನಾ ಶೇಗಡಿ ಊದಲಿ, ಮಂಪರು ಬಿಡ್ತದೆ,” ಎಂದರು. ಅಂದಿನಿಂದ ಬೆಳಿಗ್ಗೆ ಗ್ಯಾಲರಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕಬ್ಬಿಣದ ಕೊಳವೆಯಿಂದ ಇದ್ದಿಲಿನ ಒಲೆ ಊದುವುದು ನನ್ನ ಪಾಲಿಗೆ ಬಂತು. “ಜೋರು ಊದು, ಇನ್ನೂ ಜೋರು!” ಎಂದು ಒಳಗಿನಿಂದ ಕೂಗುತ್ತಿದ್ದರು.

ಒಂದು ದಿನ ಊದುತ್ತಿದ್ದೆ. ಆಮೇಲೆ ಕಂಡದ್ದು ಅತ್ತೆಯ ಮುಖ. ಅಷ್ಟು ಹೆದರಿದ ಮುಖವನ್ನು ನಾನು ಮತ್ತೆ ನೋಡಿಲ್ಲ. ನನ್ನ ಲಂಗದ ಅಂಚು ಕರಕಲಾಗಿತ್ತು, ಅದನ್ನು ಅತ್ತೆಯ ಬಲಗೈ ಮುಷ್ಟಿ ಕಟ್ಟಿ ಹಿಡಿದಿತ್ತು. ಒಂದು ಕೆಂಡವೂ ಆ ಮುಷ್ಟಿಯೊಳಗೇ ಇತ್ತು. ಬೆಂಕಿ ಹತ್ತುತ್ತಿದ್ದರೂ ನಾನು ಕಣ್ಣು ಬಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದೆನಂತೆ.

“ಎಲ್ಲಿಗೆ ಹೋಗಿದ್ದಿ ಮಗಾ? ಬಂದಿಯಾ?” ಎಂದು ಅತ್ತೆ ಕೇಳಿದರು. ತಮ್ಮ ಕೈಯ ನೆನಪೇ ಅವರಿಗಿರಲಿಲ್ಲ.

ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಧಾರವಾಡದ ಕಡೆಯ ಡಾಕ್ಟರೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ. ಅವರು ನನಗೆ ಜೋರಾಗಿ ಉಸಿರು ಎಳೆದು ಬಿಡಲು ಹೇಳಿದರು. ನಾನು ಬಿಟ್ಟೆ. ಮತ್ತೆ ನೋಡಿದರೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

“ನೋಡ್ರೀ ಅಮ್ಮಾ,” ಎಂದರು ಡಾಕ್ಟರು. “ಮಿದುಳಿನಾಗ ಕೆಲವು ಜೀವಕೋಶ ಇರ್ತಾವ, ಬ್ಯಾರೇ ಕೋಶಗಳನ್ನ ತಡಿಯೋದ ಅವುಗಳ ಕೆಲಸ. ಅವಿಲ್ಲಂದ್ರ ಮೈಯೆಲ್ಲಾ ಜಗ್ಗ್ಯಾಡಿ ಬೀಳತೀವಿ. ಆದ್ರ ಈಕೀ ತಲ್ಯಾಗ ಒಮ್ಮೊಮ್ಮೆ ಎಲ್ಲಾ ಕೂಡಿ ಒಂದ ತಾಳಕ್ಕ ತಡೀತಾವ, ಬಿಡತಾವ. ಅಷ್ಟೊತ್ತು ಈಕಿಗೆ ಖಬರ ಇರಂಗಿಲ್ಲ. ಜೋರ್ ಉಸಿರು ಬಿಟ್ರ ಇದು ಲಗೂ ಬರ್ತದ.”

“ಊದಿದರೆ?” ಅತ್ತೆಯ ಧ್ವನಿ ಎಲ್ಲೋ ಪಾತಾಳದಲ್ಲಿತ್ತು.

“ಊದಿದ್ರನೂ ಬರ್ತದ್ರೀ.”

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. “ಅಯ್ಯೋ ದೇವರೇ, ನಾನೇ ಅಲ್ಲವಾ ಇವಳ ಹತ್ರ ಊದಿಸಿದ್ದು!”

ಆಮೇಲೆ ಶೇಗಡಿಯ ಹತ್ತಿರ ನನ್ನ ನೆರಳೂ ಸುಳಿಯುವಂತಿರಲಿಲ್ಲ. ಉಬ್ಬಸವಿದ್ದರೂ ತಾವೇ ಎಡಗೈಯಲ್ಲಿ ಕೊಳವೆ ಹಿಡಿದು ಊದುತ್ತಿದ್ದರು. ನನಗೆ ಕ್ಯಾಪ್ಸೂಲ್ ನುಂಗಿಸುವಾಗ ಹಣೆ ತಟ್ಟಿ ಆ ಕೋಶಗಳನ್ನೇ ಗದರುತ್ತಿದ್ದರು: “ತಡೆದದ್ದು ಸಾಕು ಮಾರಾಯ್ರೆ, ಹುಡುಗಿಯನ್ನು ಬಿಡಿ.” ಅಪ್ಪ ನಗುತ್ತಿದ್ದರು. “ಅಕ್ಕಾ, ಅವುಗಳಿಗೆ ನೀನೇ ಲೀಡರ್! ದಿನವಿಡೀ ಬೇಡ, ಬೇಡ!” ಅತ್ತೆ ನಗುತ್ತಿರಲಿಲ್ಲ. ರೈಲಿನ ಸದ್ದು ಕೇಳಿದರೂ ಸಾಕು, ಆ ಕೈ ನನ್ನ ಮಣಿಕಟ್ಟನ್ನು ಹುಡುಕುತ್ತಿತ್ತು. ನಾನು ಮರಳಿ ಬಂದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಅತ್ತೆಯ ಮುಖ, ಕೇಳುತ್ತಿದ್ದದ್ದು ಅದೇ ಮಾತು, “ಬಂದಿಯಾ?” ಆ ಮಾತು ಕೇಳಿದ ಮೇಲೆಯೇ ನನ್ನ ಎದೆಬಡಿತ ಇಳಿಯುತ್ತಿತ್ತು.

ಮೈನೆರೆದ ಮೇಲೆ ನನ್ನ ಕಾಯಿಲೆ ತಾನಾಗಿ ದೂರವಾಯಿತು. ಅತ್ತೆಯ ಹೆದರಿಕೆ ಮಾತ್ರ ಹೋಗಲಿಲ್ಲ. ಕಾಲೇಜಿಗೆ ಹೊರಟವಳನ್ನೂ ಸ್ಟೇಷನ್ನಿನವರೆಗೆ ಕೈ ಹಿಡಿದೇ ತಲುಪಿಸುತ್ತಿದ್ದರು. ನಾಚಿಕೆಯಾದರೂ ಬಿಡಿಸಿಕೊಳ್ಳಲು ನನಗೆ ಮನಸ್ಸಾಗುತ್ತಿರಲಿಲ್ಲ.

ಅವರ ಉಬ್ಬಸ ವಿಪರೀತವಾದದ್ದು ನನ್ನ ಕೊನೆಯ ವರ್ಷದ ಪರೀಕ್ಷೆ ಮುಗಿದ ವಾರ. ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡನೆಯ ಚಮಚ ತುಟಿಯಲ್ಲೇ ನಿಂತಿತು. ಕಣ್ಣುಗಳು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ನಾನು ಹಾಗಾದಾಗ ಅತ್ತೆ ಏನು ಕಾಣುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು. ಬೌಲು ಕೆಳಗಿಟ್ಟು ಆ ಸುಟ್ಟ ಅಂಗೈಯನ್ನು ಹಿಡಿದುಕೊಂಡೆ.

“ಅತ್ತೇ, ಬಂದಿರಾ?” ಎಂದೆ.

ಹೋಟೆಲಿನಿಂದ ಅಪ್ಪ ಓಡಿ ಬಂದು ನನ್ನ ಬೆರಳುಗಳನ್ನು ಬಿಡಿಸುವವರೆಗೂ ಅದನ್ನೇ ಕೇಳುತ್ತಿದ್ದೆ.