ತುಕ್ಕು ಹಿಡಿದ ಡ್ರಮ್ಮಿಗೆ ಹೊಡೆದ ಗುಂಡು

ಮಾಚಯ್ಯ ಮಾವ, ಆ ಕಾಡಿಗೆ ಬೆಂಕಿ ಹತ್ತಿದ್ದು ನಿಮ್ಮ ಸಿಗರೇಟಿನಿಂದಲ್ಲ. ನನ್ನ ಗುಂಡಿನಿಂದ.

ಬರೆದುಬಿಟ್ಟೆ! ಐದು ವರ್ಷ ಮುಚ್ಚಿಟ್ಟಿದ್ದ ಮಾತು ನೋಡಿ, ಒಂದು ಸಾಲಿಗೆ ಮುಗಿಯಿತು. ಇನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ನನಗಿಲ್ಲ, ಅದು ನನಗೇ ಗೊತ್ತು.

ನೀವು ನನ್ನ ಹೆಂಡತಿ ದೇಚಮ್ಮನ ಚಿಕ್ಕಪ್ಪ. ಪರ್ತ್‌ಗೆ ಬಂದಿಳಿದ ವಾರವೇ ನಮ್ಮನ್ನು ಸದರ್ನ್ ರಿವರ್ ಬಡಾವಣೆಯ ನಿಮ್ಮ ಮನೆಗೆ ಕರೆದು ಊಟ ಹಾಕಿದವರು. ಹಿತ್ತಲಲ್ಲಿ ಯಾರೋ ಬಿಸಾಡಿದ ಸ್ನಾನದ ತೊಟ್ಟಿಗೆ ಮಣ್ಣು ತುಂಬಿ ಗೋಧಿ ಬೆಳೆಸುತ್ತಿದ್ದಿರಿ—ಪುತ್ತರಿಗೆ! "ಭತ್ತ ಇಲ್ಲದಿದ್ದರೇನಂತೆ, ತೆನೆ ತೆನೆಯೇ ಅಲ್ವಾ?" ಎಂದಿರಿ. ಊರಿನಲ್ಲಿ ಹುಣ್ಣಿಮೆಯ ಬೆಳಕಿನಲ್ಲಿ ಗದ್ದೆಗೆ ಹೋಗಿ, ಒಂದು ಗುಂಡು ಹಾರಿಸಿ, ಹಿರಿಯರು ಮೊದಲ ತೆನೆ ಕೊಯ್ಯುವ ಹಬ್ಬ. ಅದನ್ನು ಇಲ್ಲಿ ಎಲ್ಲರ ರಜೆ ನೋಡಿ ಶನಿವಾರ ಮಧ್ಯಾಹ್ನಕ್ಕೆ ಎಳೆದು ತಂದವರು ನಾವು. ಸೆಪ್ಟೆಂಬರಿನಲ್ಲಿ ಕೋವಿ ಪೂಜೆ ಮಾಡುವ ಕೈಲ್ ಮುಹೂರ್ತದಲ್ಲಿ ಮಳೆ ಹಿಡಿದು ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಿಂತುಹೋಗಿತ್ತಲ್ಲ, ಅದನ್ನೂ ಪುತ್ತರಿಗೇ ಸೇರಿಸಿಕೊಂಡೆವು.

ಕೋವಿ ನಿಮ್ಮ ಮಗ ಚಂಗಪ್ಪನದು. ಅವನ ಲೈಸೆನ್ಸ್ ಇದ್ದದ್ದು ಗೋಧಿ ಸೀಮೆಯ ಒಬ್ಬ ರೈತನ ಹೊಲದಲ್ಲಿ ನರಿ ಹೊಡೆಯುವುದಕ್ಕೆ ಮಾತ್ರ. ಆ ರೈತನನ್ನು ಕೇಳಿದರೆ, "ಬನ್ನಿ, ಊಟ ಮಾಡಿ, ಆದರೆ ಕೋವಿ ಬೇಡ. ಎಲ್ಲಾ ಒಣಗಿ ನಿಂತಿದೆ" ಎಂದುಬಿಟ್ಟ. ಚಂಗಪ್ಪನ ಮುಖ ಸಪ್ಪಗಾಯಿತು. ಆಗ ಎದೆ ಉಬ್ಬಿಸಿಕೊಂಡು, "ನಾನೊಂದು ಜಾಗ ನೋಡಿದ್ದೀನಿ!" ಎಂದವನು ಯಾರು? ನಾನು. ಬೆಟ್ಟದ ಮೇಲಿನ ಸರ್ಕಾರಿ ಕಾಡು. ಅಲ್ಲಿ ಗುಂಡು ಹಾರಿಸಬಾರದು ಎಂದು ಗೊತ್ತಿತ್ತು. ರೈತ ಯಾಕೆ ಬೇಡವೆಂದ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ—

ಕೊಡಗಿನಲ್ಲಿ ಆ ಹೊತ್ತಿಗೆ ನೆಲ ಇನ್ನೂ ತೇವ. ಗುಂಡು ಎಲ್ಲಿ ಬಿದ್ದರೂ ಕೆಸರಿನಲ್ಲಿ ಹೂತುಹೋಗುತ್ತದೆ. ಇಲ್ಲಿ ಡಿಸೆಂಬರ್ ಎಂದರೆ ಬೇಸಿಗೆ, ಹುಲ್ಲು ಸುಟ್ಟ ಹಪ್ಪಳದ ಹಾಗೆ ಮುರಿಯುತ್ತದೆ. ಹಬ್ಬದ ಜೊತೆ ಊರಿನ ಹವೆಯನ್ನೂ ಹೊತ್ತು ತಂದಿದ್ದೇವೆ ಎಂದುಕೊಂಡಿದ್ದೆವೋ ಏನೋ ನಾವು!

ಆದರೆ ಎಂಥ ದಿನ ಅದು ಮಾವ! ನಾಲ್ಕು ಕಾರು, ಎಸ್ಕಿ ಪೆಟ್ಟಿಗೆ ತುಂಬ ಐಸು, ಪಾತ್ರೆಗಟ್ಟಲೆ ಕಡಂಬುಟ್ಟು, ಪಂದಿ ಕರಿಯ ಘಮಲು. ಚಂಗಪ್ಪ ತೆಂಗಿನಕಾಯಿಯನ್ನು ಮಣ್ಣಿನ ದಿಬ್ಬದ ಮುಂದೆ ಕಟ್ಟಿದ. "ದಿಬ್ಬ ಬಿಟ್ಟು ಬೇರೆ ಕಡೆ ಕೋವಿ ತಿರುಗಿಸಿದವನಿಗೆ ಊಟ ಇಲ್ಲ" ಎಂದು ನೀವು ಎಲ್ಲರಿಗೂ ತಾಕೀತು ಮಾಡಿದಿರಿ. ನನ್ನ ಸರದಿ ಬಂತು. ಲೈಸೆನ್ಸ್ ಇಲ್ಲದವನು, ಕೋವಿ ಹಿಡಿದದ್ದೇ ಅವತ್ತು. ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು.

"ಭಾವ, ಮೈಸೂರಿನವರು ಕಾಯಿ ಒಡೆಯೋದು ಚಾಮುಂಡಿಬೆಟ್ಟದಲ್ಲಿ ಮಾತ್ರ ಅಂತ ಕಾಣ್ತದೆ!" ಚಂಗಪ್ಪ ಕೂಗಿದ.

ಮೂರನೆಯದೂ ತಪ್ಪಿತು.

"ಬಿಡ್ರೋ, ಅಳಿಯಂದಿರು ದಯಾಳು. ಕಾಯಿಗೆ ಜೀವದಾನ ಮಾಡಿದ್ದಾರೆ" ಎಂದಿರಿ ನೀವು. ನಕ್ಕದ್ದೇ ನಕ್ಕದ್ದು ಎಲ್ಲರೂ! ದೇಚು ಕೂಡ. ಪ್ರೀತಿಯ ನಗುವೇ ಅದು, ಈಗ ಗೊತ್ತಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದಳು ನಮ್ಮಜ್ಜಿ. ನನ್ನದು ತೆಂಗಿನಕಾಯಿಗೆ ಹೋಗಿತ್ತು.

ನಿಮಗೆ ಕನಿಕರ ಬಂದಿರಬೇಕು. ತೆನೆ ಕೊಯ್ಯುವಾಗ ಹಾರಿಸುವ ಗುಂಡಿನ ಗೌರವವನ್ನು ನನಗೇ ಕೊಟ್ಟಿರಿ. "ದಿಬ್ಬಕ್ಕೇ ಹೊಡೀರಿ, ಆಕಾಶಕ್ಕೆ ಬೇಡ. ದಿಬ್ಬ ಹೇಗಿದ್ರೂ ತಪ್ಪಲ್ಲ." ಮತ್ತೆ ನಗು. ತೊಟ್ಟಿಯಿಂದ ಬಕೆಟ್ಟಿಗೆ ನೆಟ್ಟು ತಂದ ಗೋಧಿಯ ಪೈರಿಗೆ ನೀವು ಕುಡುಗೋಲು ಇಟ್ಟಿರಿ. ಎಲ್ಲರ ಕಣ್ಣೂ ನಿಮ್ಮ ಕೈಮೇಲೆ. "ಪೊಲಿ ಪೊಲಿ ದೇವಾ!" ಎಂಬ ಕೂಗು ಮುಗಿಲಿಗೇರಿತು. ನಾನೊಬ್ಬನೇ ಆ ಕಡೆ ನೋಡುತ್ತಿರಲಿಲ್ಲ. ಬಲಗಡೆ ಪೊದೆಯ ಹತ್ತಿರ, ಯಾರೋ ಎಸೆದುಹೋದ ಕಬ್ಬಿಣದ ಡ್ರಮ್ಮೊಂದು ತುಕ್ಕು ಹಿಡಿದು ಬಿದ್ದಿತ್ತು. ದೊಡ್ಡದು. ತಪ್ಪಲಾರದಷ್ಟು ದೊಡ್ಡದು. ಒಂದಕ್ಕಾದರೂ ತಾಗಲಿ—ಒಂದೇ ಒಂದಕ್ಕೆ—

ಕೋವಿ ತಿರುಗಿಸಿದೆ. ಹೊಡೆದೆ. ತಾಗಿತು!

ಆ ಠಣ್ ಎಂಬ ಸದ್ದು ನಿಮ್ಮೆಲ್ಲರ ಕೂಗಿನಲ್ಲಿ ಮುಳುಗಿತು. ನನಗೆ ಮಾತ್ರ ಕೇಳಿಸಿತು. ಸುಳ್ಳು ಹೇಳುವುದಿಲ್ಲ ಮಾವ, ಮೈ ಜುಮ್ಮೆಂದಿತು. ಕೋವಿಯನ್ನು ಚಂಗಪ್ಪನ ಕೈಗಿಟ್ಟು, ಗೆದ್ದವನ ಹಾಗೆ ಬಂದು ತಟ್ಟೆ ಹಿಡಿದು ಕೂತೆ. ಗುಂಡು ಕಬ್ಬಿಣಕ್ಕೆ ಬಡಿದು ಚೂರಾಗುತ್ತದೆ, ಆ ಚೂರು ಕೆಂಡದಷ್ಟು ಬಿಸಿಯಾಗಿರುತ್ತದೆ, ಒಣಹುಲ್ಲಿಗೆ ಅಷ್ಟು ಸಾಕು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಅವತ್ತು ಡ್ರಮ್ಮಿನ ಹತ್ತಿರ ಹೋಗಿಯೂ ನೋಡಲಿಲ್ಲ.

ಊಟಕ್ಕೆ ಮುಂಚೆ ನೀವು ಅದೇ ಪೊದೆಯ ಕಡೆ ಹೋಗಿ ಒಂದು ಸಿಗರೇಟು ಸೇದಿ ಬಂದಿರಿ. ಬೂಟಿನಲ್ಲಿ ಹೊಸಕಿದ್ದನ್ನು ನಾನು ನೋಡಿದ್ದೇನೆ. ಎರಡು ಸಲ ಹೊಸಕಿದಿರಿ.

ಅರ್ಧ ಗಂಟೆ ಕಳೆಯಿತೋ ಇಲ್ಲವೋ, ಡ್ರಮ್ಮಿನ ಹಿಂದಿನಿಂದ ಹೊಗೆ! ಎಸ್ಕಿಯ ನೀರು ಸುರಿದೆವು, ರಗ್ಗಿನಲ್ಲಿ ಬಡಿದೆವು, ಸೊಪ್ಪಿನ ಕೊಂಬೆ ಮುರಿದು ಬಡಿದೆವು. ಗಾಳಿ ಒಮ್ಮೆ ಬೀಸಿತು ನೋಡಿ, ಬೆಂಕಿ ನಮ್ಮ ತಲೆಗಿಂತ ಎತ್ತರಕ್ಕೆ ಎದ್ದು ನಿಂತಿತು. ಮಕ್ಕಳನ್ನು ಎತ್ತಿ ಕಾರಿಗೆ ತುಂಬಿ ಓಡಿದೆವು. ಹೆಲಿಕಾಪ್ಟರ್ ಬಂದು ನೀರು ಸುರಿಯುವಷ್ಟರಲ್ಲಿ ಇಡೀ ಗುಡ್ಡದ ಮೈ ಕಪ್ಪಾಗಿತ್ತು. ಜನಕ್ಕೆ ಏನೂ ಆಗಲಿಲ್ಲ. ಆದರೆ ಗುಡ್ಡದ ಆಚೆ ಒಬ್ಬ ಮುದುಕ ಜೇನುಪೆಟ್ಟಿಗೆ ಇಟ್ಟಿದ್ದ. ಒಂದೂ ಉಳಿಯಲಿಲ್ಲ.

ರಸ್ತೆಯಲ್ಲಿ ನಿಂತ ಅಧಿಕಾರಿ, ಹೇಗಾಯಿತು ಎಂದು ಕೇಳಿದ. ಕೋವಿ ಕಾರಿನ ಡಿಕ್ಕಿಯಲ್ಲಿತ್ತು. ಅದರ ಬಗ್ಗೆ ಯಾರೂ ಬಾಯಿಬಿಡಲಿಲ್ಲ. ಗುಂಡೆಲ್ಲ ದಿಬ್ಬದೊಳಗೆ ಹೋಗಿವೆ, ಅದಕ್ಕೂ ಬೆಂಕಿಗೂ ಏನು ಸಂಬಂಧ ಎಂದು ಎಲ್ಲರೂ ನಂಬಿದ್ದರು, ನನ್ನೊಬ್ಬನನ್ನು ಬಿಟ್ಟು. ಆಗ ನೀವು ಮುಂದೆ ಬಂದಿರಿ. ಇಂಗ್ಲಿಷಿನಲ್ಲಿ ಅವನಿಗೆ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದಿರಿ:

"ಆ ಕಡೆ ಹೋದವನು ನಾನೊಬ್ಬನೇ. ನನ್ನಿಂದಲೇ ಆಗಿರಬೇಕು."

ಆಗ ನಾನು ಬಾಯಿ ತೆರೆಯಬೇಕಿತ್ತು. ಪೌರತ್ವದ ಅರ್ಜಿ ಹಾಕಿ ಕಾಯುತ್ತಿದ್ದೆ, ಪೊಲೀಸ್ ಕೇಸಾದರೆ ಅದು ತಪ್ಪಿಹೋಗುತ್ತಿತ್ತು—ಇದು ಕಾರಣ, ಸಮರ್ಥನೆಯಲ್ಲ. ಅಧಿಕಾರಿ ನಿಮ್ಮ ಹೆಸರು ಬರೆದುಕೊಂಡ. ನಾನು ನಿಮ್ಮ ಬೆನ್ನು ಸವರಿ ಹೇಳಿದ ಮಾತೇನು ನೆನಪಿದೆಯಾ? "ಬಿಡಿ ಮಾವ, ಬೇಕಂತ ಮಾಡಿದ್ದಲ್ಲವಲ್ಲ." ಕ್ಷಮಿಸುವ ದೊಡ್ಡ ಮನುಷ್ಯ ನಾನು!

ಇದಕ್ಕಿಂತ ಹೇಸಿಗೆಯದು ಮುಂದಿದೆ. ಮರುವರ್ಷ ಬ್ರಿಸ್ಬೇನಿಗೆ ಹೋದಾಗ ಟೂವಾಂಗ್‌ನಲ್ಲಿ ದೇಚುವಿನ ತಂಗಿಯ ಮನೆಯಲ್ಲಿ ಬಾರ್ಬೆಕ್ಯೂ ಊಟ ಇತ್ತು. "ಭಾವ, ಆ ಬೆಂಕಿ ಕಥೆ ಹೇಳಿ" ಎಂದರು. ಹೇಳಿದೆ. ನನಗೆ ಕಥೆ ಹೇಳಲು ಬರುತ್ತದಲ್ಲ! ನೀವು ಕೆಮ್ಮುವುದು, ಬೂಟು ಉಜ್ಜುವುದು, ಹೊಗೆ ಕಂಡು ಕಣ್ಣರಳಿಸುವುದು, ಎಲ್ಲಾ ಅಭಿನಯಿಸಿ ತೋರಿಸಿದೆ. "ಮಾವ ಹಚ್ಚಿದ್ದು ಒಂದು ಸಿಗರೇಟು, ಸೇದಿದ್ದು ಇಡೀ ಗುಡ್ಡ!" ಜನ ಬಿದ್ದು ಬಿದ್ದು ನಕ್ಕರು. ಆ ಮಾತು ಮೂರು ಊರಿನ ನಮ್ಮವರ ಬಾಯಲ್ಲೂ ಓಡಾಡಿತು. ಅದನ್ನು ಕಟ್ಟಿದವನು ನಾನು ಮಾವ. ನಿಮ್ಮ ಕಿವಿಗೂ ಬಿದ್ದಿರುತ್ತದೆ.

ನೀವೇನು ಮಾಡಿದಿರಿ? ಆ ಮುದುಕನನ್ನು ಹುಡುಕಿಕೊಂಡು ಹೋಗಿ ಕೈಮುಗಿದಿರಿ. ಆ ಬೇಸಿಗೆಯ ಒಂದೊಂದು ಶನಿವಾರವೂ ಅವನ ಶೆಡ್ಡಿನಲ್ಲಿ ಕೂತು ಹೊಸ ಪೆಟ್ಟಿಗೆಗಳಿಗೆ ಬಿಳಿ ಬಣ್ಣ ಬಳಿದಿರಿ. ಸ್ನಾನದ ತೊಟ್ಟಿ ಖಾಲಿ ಮಾಡಿದಿರಿ. ಆಮೇಲೆ ಅಡಿಲೇಡಿಗೆ, ಮಗಳ ಮನೆಗೆ ಹೊರಟುಹೋದಿರಿ. ಪುತ್ತರಿಗೆ ಬನ್ನಿ ಎಂದರೆ ಪ್ರತಿವರ್ಷ ಒಂದು ನೆಪ.

ಆ ನೆಪದ ಒಳಗೇನಿದೆ ಎಂದು ನನಗೆ ತಿಳಿದದ್ದು ಕಳೆದ ಭಾನುವಾರ. ನಿಮ್ಮ ಮಗಳು ದೇಚುವಿಗೆ ಫೋನ್ ಮಾಡಿದ್ದಳು, ಸ್ಪೀಕರ್ ಹಾಕಿತ್ತು. "ಇಲ್ಲಿನವರೆಲ್ಲ ಸೇರಿ ಪುತ್ತರಿ ಮಾಡ್ತಿದ್ದಾರೆ ಅಕ್ಕ. ಅಪ್ಪನೇ ಹಿರಿಯರು, ತೆನೆ ಕೊಯ್ಯಿರಿ ಅಂದ್ರೆ ಎದ್ದು ರೂಮಿಗೆ ಹೋಗಿಬಿಟ್ರು. ಕಾಡು ಸುಟ್ಟ ಕೈಲಿ ತೆನೆ ಮುಟ್ಟಲ್ಲ ಅಂತಾರೆ." ಐದು ವರ್ಷದಿಂದ ನಾನು ಹಬ್ಬದೂಟ ಉಂಡು ಕೈತೊಳೆಯುತ್ತಿದ್ದೇನೆ, ನೀವು—

ಅಲ್ಲೇ, ಆ ಕ್ಷಣವೇ ದೇಚುವಿಗೆ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ನನ್ನ ಹತ್ರ ಯಾಕೆ ಹೇಳ್ತಿದ್ದೀರಿ? ಸುಟ್ಟಿದ್ದು ನನ್ನ ಹೆಸರಾ?" ಎಂದಳು.

ಸೋಮವಾರ ಚಂಗಪ್ಪನಿಗೆ ಹೇಳಿದೆ. ನಾನು ಬಾಯಿಬಿಟ್ಟರೆ ಅವನ ಲೈಸೆನ್ಸೂ ಹೋಗುತ್ತದೆ, ಅವನ ಮೇಲೂ ಕೇಸು ಬರಬಹುದು. ಅವನು ಕೋವಿಯ ಮಾತೇ ಎತ್ತಲಿಲ್ಲ. "ನಮ್ಮಪ್ಪ ಪೆಟ್ಟಿಗೆಗೆ ಬಣ್ಣ ಬಳೀತಿದ್ದಾಗ ನೀವು ಒಂದು ದಿನ ಡಬ್ಬ ಹಿಡ್ಕೊಳ್ಳೋಕೆ ಹೋಗಿದ್ರಲ್ಲ ಭಾವ. ಆಗಲೂ ಹೇಳಲಿಲ್ಲವಾ?" ಎಂದ. ಹೋಗಿದ್ದೆ. ಹೇಳಲಿಲ್ಲ.

ನಿನ್ನೆ ಠಾಣೆಗೆ ಹೋಗಿ ನಡೆದದ್ದೆಲ್ಲ ಬರೆದುಕೊಟ್ಟೆ. ಏನು ಮಾಡುತ್ತಾರೋ ಮಾಡಲಿ. ಇವತ್ತು ಸಂಜೆ ಆ ಜೇನಿನವನ ಮನೆಗೆ ಹೋಗುತ್ತೇನೆ. ಟೂವಾಂಗ್‌ನವರಿಗೆ ಫೋನ್ ಮಾಡಿ, ನಕ್ಕ ಒಬ್ಬೊಬ್ಬರಿಗೂ ಹೇಳಿದ್ದೇನೆ. ಈ ಸಲ ಯಾರೂ ನಗಲಿಲ್ಲ.

ನಿಮ್ಮ ಕೈ ಯಾವ ಕಾಡನ್ನೂ ಸುಟ್ಟಿಲ್ಲ ಮಾವ. ಈ ಕಾಗದ ಪುತ್ತರಿಗೆ ಮುಂಚೆ ನಿಮ್ಮನ್ನು ಮುಟ್ಟಲಿ ಎಂದೇ ಇಷ್ಟು ಅವಸರ. ಇದರ ಹಿಂದೆಯೇ ನಾನೂ ಬರುತ್ತಿದ್ದೇನೆ, ಟಿಕೆಟ್ ಆಗಿದೆ. ಹಬ್ಬದ ದಿನ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅದು ಕಳೆದ ಮರುದಿನ ಬೆಳಿಗ್ಗೆ ಬರುತ್ತೇನೆ. ಬೈದರೆ ನಿಂತು ಕೇಳುತ್ತೇನೆ. ಬೈಯದೆ ಸುಮ್ಮನಿದ್ದರೆ ಅದನ್ನು ಹೇಗೆ ತಡೆದುಕೊಳ್ಳುತ್ತೇನೋ ಗೊತ್ತಿಲ್ಲ. ಆದರೂ ಬರುತ್ತೇನೆ.