ಮಲ್ಲವ್ವನ ತಗಡಿನ ಮೇಲಿನ ಕಲ್ಲು

ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಗೆ ಮನೆಯನ್ನು ಹೇಗೆ ಗಟ್ಟಿ ಮಾಡಿಕೊಳ್ಳಬೇಕು ಅಂತ ಊರೂರು ತಿರುಗಿ ಹೇಳುವುದು ಆ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದ ಕೆಲಸ. ಅಳವಂಡಿ ಹತ್ತಿರದ ಹಳ್ಳಿಯೊಂದರಲ್ಲಿ ಮಲ್ಲವ್ವ ಎಂಬ ಹೆಣ್ಣುಮಗಳ ಮನೆಗೆ ಹೋದೆ. ಮಾಡಿನ ತಗಡು ಹಾರದಂತೆ ಮೇಲೆ ದಪ್ಪ ದಪ್ಪ ಕಲ್ಲು ಹೇರಿದ್ದಳು.

"ಯವ್ವಾ, ಈ ಕಲ್ಲು ಉರುಳಿ ಮೊಮ್ಮಕ್ಕಳ ತಲಿ ಮ್ಯಾಲೆ ಬಿದ್ರ? ಮೊದ್ಲ ಇವನ್ನ ಇಳಸ್ರಿ. ತಗಡಿಗೆ ಬೋಲ್ಟ್ ಹಾಕಸ್ರಿ," ಅಂದೆ.

"ನಮ್ಮತ್ತಿ ಕಾಲದಿಂದ ಅಲ್ಲೇ ಅದಾವ್ರಿ ಸಾಹೇಬ್ರ. ಒಂದೂ ಉರುಳಿಲ್ರಿ."

"ಉರುಳೂತನಕ ಕಾಯ್ತೀರೇನು?" ಅಂತ ಗದರಿದೆ. ಕೊರಳಲ್ಲಿ ಸರಕಾರದ ಗುರುತಿನ ಚೀಟಿ ಇತ್ತಲ್ಲ, ದನಿ ತಾನಾಗಿಯೇ ಏರಿತ್ತು.

ನಾಲ್ಕು ದಿನ ಬಿಟ್ಟು ಗಾಳಿ ಬಂತು, ಹಿಂದೆಯೇ ಮಳೆ. ಮರುದಿನ ಹೋಗಿ ನೋಡಿದರೆ ಕಲ್ಲುಗಳೆಲ್ಲ ಗೋಡೆಯ ಬುಡದಲ್ಲಿ ಸಾಲಾಗಿ ಕೂತಿದ್ದವು. ತಗಡು ಬೇವಿನ ಮರದಾಚೆ ಹೊಲದಲ್ಲಿ ಮುದುಡಿ ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ವರ್ಷದ ಜೋಳವೆಲ್ಲ ತೊಯ್ದಿತ್ತು.

"ಬೋಲ್ಟ್ ಹಾಕಸ್ಲಿಲ್ಲೇನ್ರಿ?"

"ಹಾಕಾಂವ ಸೋಮವಾರ ಬರ್ತೀನಿ ಅಂದಾನ್ರಿ. ನೀವು ಮೊದ್ಲ ಕಲ್ಲು ಇಳಸ್ರಿ ಅಂದಿದ್ರಿ, ಅದಕ್ಕ ಅವತ್ತ ಇಳಸಿದ್ವಿ."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಛಲೋ ಇತ್ತು. "ನಿಂತ ಬಿಟ್ರಲ್ಲ, ಕುಂದರ್ರಿ," ಅಂತ ಅದೇ ಕಲ್ಲೊಂದನ್ನು ಸೆರಗಿನಿಂದ ಒರೆಸಿಕೊಟ್ಟಳು. ಕೂತೆ.

ಕೊಪ್ಪಳದ ನಮ್ಮ ಮನೆಯ ಬಚ್ಚಲ ತಗಡಿನ ಮೇಲೆ ಇವತ್ತಿಗೂ ಮೂರು ಕಲ್ಲಿವೆ. ಇಳಿಸಿರಿ ಅಂತ ನಮ್ಮಲ್ಲಿಗೆ ಯಾವ ಸಾಹೇಬನೂ ಬಂದಿಲ್ಲ, ನೋಡ್ರಿ.